ಕಲಸಿಯೂ ಕಲಸದ ಎಲೆಗಳು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದವರು ನಾವು. ಅದರ ಅರ್ಥ ನಮ್ಮ ತಲೆಗೇ ಸರಿಯಾಗಿ ಹೊಕ್ಕುದು ಒಂದು ಕಟ್ಟು ಇಸ್ಪೀಟೆಲೆಯ ದೆಸೆಯಿಂದ.

ನಡೆದುದು ಇಷ್ಟೆ. ಕ್ರಿಸ್ಮಸ್ ರಜೆಗೆ ಶಾಲೆ ಮುಚ್ಚುವ ದಿನ. ಕೊನೆಯ ಪೀರಿಯಡಿನಲ್ಲಿ ಮಕ್ಕಳಿಗೆ ಪಾಠದ ಮೇಲೆ ಮನಸ್ಸಿರಲಿಲ್ಲ. ನಿಜ ಹೇಳಬೇಕಾದರೆ ನಮಗೂ ಇರಲಿಲ್ಲ. ಪುಸ್ತಕ ನೋಡಿ ಕಲಿತಿದ್ದ ಒಂದು ಜಾದೂ ತೋರಿಸಿದೆವು. ನಾಲ್ಕು ಎಕ್ಕಗಳನ್ನು ಕಟ್ಟಿನ ಮೇಲಿಟ್ಟು, ಎಲೆಗಳನ್ನು ಕಲಸಿದಂತೆ ಮಾಡಿ, ಪುನಃ ಮೇಲಿನಿಂದಲೇ ಆ ನಾಲ್ಕು ಎಕ್ಕಗಳನ್ನು ತೆಗೆದು ತೋರಿಸುವ ಆಟ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಎದುರು ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೈಕಟ್ಟಿ ಕುಳಿತಿದ್ದಳು.

“ಮಾಷ್ಟ್ರೇ, ನೀವು ಎಲೆ ಕಲಸಲೇ ಇಲ್ಲ.”

“ಹೇಗೆ ಗೊತ್ತಾಯಿತು?”

“ನಮ್ಮ ಅಜ್ಜ ಕಲಸುವಾಗ ಕೈ ನೋಡುವುದಿಲ್ಲ. ನೀವು ಕೈಯನ್ನೇ ನೋಡುತ್ತಿದ್ದಿರಿ.”

ತರಗತಿ ನಕ್ಕಿತು. ನಾವೂ ನಕ್ಕು ಎಲೆಗಳನ್ನು ಜೇಬಿಗೆ ಹಾಕಿಕೊಂಡೆವು. ಅಷ್ಟಕ್ಕೇ ಮುಗಿಯುತ್ತಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಮೇಜಿನ ಬಳಿ ಉಳಿದನು. “ನಿಜಕ್ಕೂ ಗೊತ್ತಾಗದ ಹಾಗೆ ಮಾಡಲಿಕ್ಕೆ ಆಗುತ್ತದಾ ಮಾಷ್ಟ್ರೇ? ದೊಡ್ಡವರಿಗೂ?” ಎಂದು ಕೇಳಿದನು. ಯಾಕೆ ಎಂದು ವಿಚಾರಿಸಿದಾಗ ವಿಷಯ ಸ್ವಲ್ಪ ಸ್ವಲ್ಪವಾಗಿ ಹೊರಬಂದಿತು. ಅವನ ಅಣ್ಣ ಸಾರಣೆ ಕೆಲಸದವನು. ಹಿಂದಿನ ತಿಂಗಳು ಒಂದು ಜಾತ್ರೆಯ ರಾತ್ರಿ ಗುಡ್ಡದ ಬದಿಯಲ್ಲಿ ಎಲೆಯಾಟಕ್ಕೆ ಕುಳಿತು, ಮನೆಯ ಮಾಡು ರಿಪೇರಿಗೆಂದು ಕೂಡಿಟ್ಟಿದ್ದ ಹಣವನ್ನೆಲ್ಲ ಕಳೆದುಕೊಂಡಿದ್ದನು. ತಾಯಿ ಅವನೊಡನೆ ಮಾತು ಬಿಟ್ಟಿದ್ದರು. ಅಣ್ಣನದು ಒಂದೇ ಮಾತು: “ಮೋಸ ಏನಿಲ್ಲ, ನನ್ನ ಅದೃಷ್ಟ ಕೆಟ್ಟದು. ಪ್ರತಿ ಸಲವೂ ಎಲೆ ಕಲಸುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.” ಅದೃಷ್ಟ ತಿರುಗೀತೆಂದು ಬೇಸಗೆಯ ಜಾತ್ರೆಗೆ ಪುನಃ ಹೋಗುವ ಯೋಚನೆ ಅವನಿಗಿದ್ದಿತು.

ಆ ರಾತ್ರಿ ಮೋಸ ನಡೆಯಿತೋ ಇಲ್ಲವೋ ನಾವು ಕಂಡವರಲ್ಲ, ಕಾಣದುದನ್ನು ಹೇಳಬಾರದು. ಆದರೆ ‘ಕಲಸುವುದನ್ನು ನೋಡಿದ್ದೇನೆ, ಆದುದರಿಂದ ಮೋಸವಿಲ್ಲ’ ಎಂಬ ತರ್ಕ ತಪ್ಪೆಂದು ತೋರಿಸುವುದು ಮೇಷ್ಟ್ರಾದವರ ಕೆಲಸವೇ. ತೋರಿಸಬೇಕಾದರೆ ಅಜ್ಜನ ಮೊಮ್ಮಗಳ ಕಣ್ಣಿಗೂ ಸಿಗದಂತೆ ಕಲಿಯಬೇಕು. ಬೇಸಗೆಯ ಜಾತ್ರೆಗೆ ಮೂರು ತಿಂಗಳಿದ್ದಿತು.

ಕಲಸುವುದೆಂದರೇನು?

ಅನ್ನಕ್ಕೆ ಸಾರು ಹಾಕಿ ಕಲಸುತ್ತೇವೆ, ಮಣ್ಣಿಗೆ ನೀರು ಹಾಕಿ ಕಲಸುತ್ತೇವೆ, ಎಲೆಗೂ ಅದೇ ಶಬ್ದ. ನಮ್ಮ ನೆರೆಯ ಮಲಯಾಳಿಗಳು ‘ಕಶಕ್ಕು’ ಎನ್ನುತ್ತಾರೆ. ಮದುವೆಮನೆಯ ಚಪ್ಪರದಡಿ ಇಪ್ಪತ್ತೆಂಟರ ಆಟಕ್ಕೆ ಕುಳಿತವರು ಯಾವ ಭಾಷೆಯವರಾದರೂ ಕೈಯ ರೀತಿ ಒಂದೇ. ಕಟ್ಟು ಎಡಗೈಯಲ್ಲಿ, ಬಲಗೈ ಅಡಿಯಿಂದ ಒಂದು ಹಿಡಿ ಎಲೆ ತೆಗೆದು ಮೇಲಕ್ಕೆ ತರುವುದು, ಎಡ ಹೆಬ್ಬೆರಳು ಅದರಿಂದ ಸ್ವಲ್ಪ ಸ್ವಲ್ಪವಾಗಿ ಎಳೆದುಕೊಳ್ಳುವುದು. ಕ್ಲಬ್ಬುಗಳಲ್ಲಿ ಎರಡು ಅರ್ಧಗಳ ಮೂಲೆಗಳನ್ನು ಬಗ್ಗಿಸಿ ‘ಬುರ್‍ರ್’ ಎಂದು ಹೆಣೆದು ಸೇರಿಸುವ ಇನ್ನೊಂದು ಕ್ರಮವಿದೆ. ಇವೆರಡರ ವೇಷ ಧರಿಸಿ ಎಲೆಗಳ ಕ್ರಮವನ್ನು ಪೂರ್ತಿಯಾಗಿಯೋ ಬೇಕಾದ ಭಾಗವನ್ನಷ್ಟೆಯೋ ಕೆಡದಂತೆ ಉಳಿಸಿಕೊಳ್ಳುವುದೇ ಜಾದೂಗಾರರ ‘ಸುಳ್ಳು ಕಲಸು’.

ಕಲಸಿದ ಕಟ್ಟಿನ ಮೇಲೆ ನಮಗೆಲ್ಲ ಅಷ್ಟು ನಂಬಿಕೆ ಯಾಕೆ? ಲೆಕ್ಕ ಗೊತ್ತಿಲ್ಲದವರಿಗೂ ಒಳಗಿನ ಅಗಾಧತೆಯ ಅಂದಾಜಿರುತ್ತದೆ. 52 ಎಲೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಗುಣಿಸುತ್ತ ಹೋದರೆ 68 ಅಂಕೆಗಳ ಸಂಖ್ಯೆ ಬರುತ್ತದೆ. ಹೆಚ್ಚುಕಡಿಮೆ 8ರ ಮುಂದೆ 67 ಸೊನ್ನೆ. ಚೆನ್ನಾಗಿ ಕಲಸಿದ ಕಟ್ಟಿನ ಜೋಡಣೆ ಲೋಕದಲ್ಲಿ ಹಿಂದೆಂದೂ ಬಂದಿರಲಾರದೆಂದು ಧೈರ್ಯದಿಂದ ಹೇಳಬಹುದು. ಅಂಥದರಲ್ಲಿ ಯಾರ ಕೈವಾಡ ನಡೆದೀತು ಎಂದು ನಾವು ನಿಶ್ಚಿಂತರಾಗುತ್ತೇವೆ.

ತೊಡಕಿರುವುದು ‘ಚೆನ್ನಾಗಿ’ ಎಂಬ ಶಬ್ದದಲ್ಲಿ. ಅಮೆರಿಕದ ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಹೆಣೆದು ಕಲಸುವ ಕ್ರಮದಲ್ಲಿ 52 ಎಲೆಗಳು ಸಾಕಷ್ಟು ಬೆರೆಯಬೇಕಾದರೆ ಸುಮಾರು ಏಳು ಸಲ ಕಲಸಬೇಕೆಂದು ತೋರಿಸಿದರು. ನಮ್ಮ ಚಪ್ಪರದಡಿಯ ಕ್ರಮವಂತೂ ಬಹಳ ನಿಧಾನದ್ದು. ಎಲೆಗಳು ಗೊಂಚಲು ಗೊಂಚಲಾಗಿ ಸ್ಥಳ ಬದಲಿಸುತ್ತವೆಯೇ ಹೊರತು ಗೊಂಚಲು ಬೇಗ ಒಡೆಯುವುದಿಲ್ಲ. ಪೂರ್ತಿ ಬೆರೆಯಲು ಸಾವಿರಾರು ಸಲ ಬೇಕಾಗುತ್ತದೆ. ನಾವು ನಾಲ್ಕು ಸಲ ಕಲಸಿ ಹಂಚುತ್ತೇವೆ. ಪ್ರಾಮಾಣಿಕರ ಕೈಯಲ್ಲೂ ಎಲೆ ನಾವೆಣಿಸಿದಷ್ಟು ಬೆರೆಯುವುದಿಲ್ಲ ಎಂದಾಯಿತು. ಸುಳ್ಳು ಕಲಸುವವನು ಈ ಸಡಿಲಿನಲ್ಲೇ ನುಸುಳುತ್ತಾನೆ.

ಈ ಡಯಾಕೊನಿಸರ ಕಥೆಯೇ ಸ್ವಾರಸ್ಯಕರ. 14ನೆಯ ವಯಸ್ಸಿನಲ್ಲಿ ಮನೆ ಬಿಟ್ಟು, ಡೈ ವರ್ನನ್ ಎಂಬ ಹೆಸರಾಂತ ಜಾದೂಗಾರನ ಬೆನ್ನುಹಿಡಿದು ಊರೂರು ತಿರುಗಿದವರು ಅವರು. ಎಲೆಗಳ ಗುಟ್ಟು ತಿಳಿಯಬೇಕೆಂಬ ಹಟದಿಂದ ಗಣಿತಕ್ಕೆ ಬಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಇಸ್ಪೀಟು ಹಿಡಿದ ಹುಡುಗರೆಲ್ಲ ಹಾಳಾಗುತ್ತಾರೆಂದು ಹೇಳುವ ಹಿರಿಯರು ಇದನ್ನು ಗಮನಿಸಬೇಕು. ಎಲ್ಲರೂ ಡಯಾಕೊನಿಸ್ ಆಗುವುದಿಲ್ಲವೆಂಬುದನ್ನು ಹುಡುಗರೂ ಗಮನಿಸಬೇಕು.

ಓದುಗರ ಮನೆಯಲ್ಲಿ ಮಾಡಿ ನೋಡಬಹುದಾದ ಒಂದು ಲೆಕ್ಕ ಹೇಳುತ್ತೇವೆ. ಎಂಟು ಎಲೆ ತೆಗೆದುಕೊಂಡು ಎಕ್ಕದಿಂದ ಎಂಟರವರೆಗೆ ಕ್ರಮವಾಗಿ ಜೋಡಿಸಿ. ಮೇಲಿನ ನಾಲ್ಕು, ಅಡಿಯ ನಾಲ್ಕು ಎಂದು ಎರಡು ಪಾಲು ಮಾಡಿ. ಒಂದೊಂದು ಎಲೆಯಂತೆ ಸರಿಯಾಗಿ ಹೆಣೆಯಿರಿ. ಮೊದಲಿದ್ದ ಮೇಲಿನ ಎಲೆ ಮೇಲೆಯೇ ಉಳಿಯಬೇಕು. ಎಕ್ಕ, ಐದು, ಎರಡು, ಆರು ಎಂದು ಬರುತ್ತದೆ. ಹೀಗೆಯೇ ಒಟ್ಟು ಮೂರು ಸಲ ಮಾಡಿದರೆ ಎಲೆಗಳು ಮೊದಲಿನ ಕ್ರಮಕ್ಕೇ ಬಂದು ನಿಲ್ಲುತ್ತವೆ. 52 ಎಲೆಗಳಲ್ಲಾದರೆ ಎಂಟು ಸಲ. ಅತ್ಯಂತ ಅಚ್ಚುಕಟ್ಟಾಗಿ ಕಲಸಿದುದೇ ಕಲಸದುದಕ್ಕೆ ಸಮನಾಗುವ ವಿಚಿತ್ರವಿದು. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡಿದ ಲೆಕ್ಕವೆಂದರೆ ಇದೊಂದೇ.

ಎರಡು ಮನೆಯ ವಿದ್ಯೆ

ಸುಳ್ಳು ಕಲಸು ಮೊದಲು ಹುಟ್ಟಿದುದು ಜಾದೂಗಾರನ ಮನೆಯಲ್ಲೋ ಜೂಜುಕೋರನ ಮನೆಯಲ್ಲೋ ಎಂದು ಜಗಳಾಡಿ ಪ್ರಯೋಜನವಿಲ್ಲ. ಎರಡೂ ಮನೆಗಳ ನಡುವೆ ಕೊಡುಕೊಳ್ಳುವಿಕೆ ಯಾವಾಗಲೂ ಇದ್ದಿತು. ಗಮನಿಸತಕ್ಕ ಸಂಗತಿಯೆಂದರೆ, ಮೋಸದ ಗುಟ್ಟುಗಳನ್ನು ಜನರಿಗೆ ತಿಳಿಸಲು ಮುಂದಾದವರಲ್ಲಿ ದೊಡ್ಡ ಜಾದೂಗಾರರೂ ಇದ್ದರು. ಫ್ರಾನ್ಸಿನ ರಾಬರ್ಟ್ ಹೂಡಿನ್ 1861ರಲ್ಲಿ ಎಲೆಯಾಟದ ಠಕ್ಕರ ಕೈವಾಡಗಳನ್ನು ಬಯಲು ಮಾಡುವ ಒಂದು ಪುಸ್ತಕ ಬರೆದನು. ಇಂಗ್ಲೆಂಡಿನ ಮಸ್ಕೆಲಿನ್ 1894ರಲ್ಲಿ ‘ಶಾರ್ಪ್ಸ್ ಆಂಡ್ ಫ್ಲ್ಯಾಟ್ಸ್’ ಎಂಬ ಪುಸ್ತಕದಲ್ಲಿ ಅದೇ ಕೆಲಸ ಮಾಡಿದನು. ಹೆಸರಿನಲ್ಲಿರುವ ‘ಶಾರ್ಪ್’ ಎಂದರೆ ಠಕ್ಕ, ‘ಫ್ಲ್ಯಾಟ್’ ಎಂದರೆ ಅವನ ಬಲೆಗೆ ಬೀಳುವ ಪೆದ್ದ.

ಎಲ್ಲಕ್ಕಿಂತ ಹೆಸರುವಾಸಿಯಾದ ಗ್ರಂಥ 1902ರಲ್ಲಿ ಷಿಕಾಗೊ ನಗರದಲ್ಲಿ ಹೊರಬಂದ ‘ದ ಎಕ್ಸ್‌ಪರ್ಟ್ ಅಟ್ ದ ಕಾರ್ಡ್ ಟೇಬಲ್’. ಬರೆದವನ ಹೆಸರು ಎಸ್. ಡಬ್ಲ್ಯು. ಅರ್ಡ್ನೇಸ್ ಎಂದಿದೆ, ಅದು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಇ. ಎಸ್. ಆಂಡ್ರೂಸ್ ಎಂದಾಗುತ್ತದೆಂದು ಕಂಡುಹಿಡಿದವರು ಎಷ್ಟೋ ಮಂದಿ ಆಂಡ್ರೂಸರ ಬೆನ್ನುಹತ್ತಿದ್ದಾರೆ. ಮಹಾಶಯನು ಸಮಾಜ ಸುಧಾರಣೆಯ ಸೋಗು ಹಾಕಲಿಲ್ಲ. ತನಗೆ ದುಡ್ಡು ಬೇಕಾಗಿದೆ, ಅದಕ್ಕೇ ಬರೆದೆ ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡನು. ಆದರೆ ಒಂದೊಂದು ಬೆರಳು ಎಲ್ಲೆಲ್ಲಿರಬೇಕೆಂದು ಅವನು ಬರೆದ ಪಾಠವನ್ನು ಜಾದೂಗಾರರು ಇಂದೂ ತಲೆಬಾಗಿ ಓದುತ್ತಾರೆ. ನಾವು ಕಲಿತ ಕ್ರಮದ ಮೂಲವೂ ಅಲ್ಲಿದೆ.

ಹೆಣೆದು ಕಲಸುವ ಕ್ರಮಕ್ಕೆ ಸರಿಗಟ್ಟುವ ಸುಳ್ಳನ್ನು ಕೊಟ್ಟವನು ಹರ್ಬ್ ಝಾರೋ ಎಂಬ ಅಮೆರಿಕದ ಲೆಕ್ಕಪರಿಶೋಧಕ. ಅವನ ಕ್ರಮ 1957ರಲ್ಲಿ ಪ್ರಕಟವಾಯಿತು. ಇಂದಿಗೂ ಅವನ ಹೆಸರಿನಿಂದಲೇ ನಡೆಯುತ್ತಿದೆ. ಹಗಲು ಲೆಕ್ಕ ಸರಿಯಾಗಿದೆಯೇ ಎಂದು ನೋಡುವುದು, ಬಿಡುವಿನಲ್ಲಿ ಎಲೆ ಕಲಸದಂತೆ ಕಲಸುವುದು!

ಮೊದಲ ಪಾಠ: ನಿಜವಾಗಿ ಕಲಸುವುದು

ಮೂರು ತಿಂಗಳ ಮೊದಲ ಎರಡು ವಾರ ನಾವು ಸುಳ್ಳು ಕಲಸನ್ನು ಮುಟ್ಟಲೇ ಇಲ್ಲ. ನಾವು ನಿಜವಾಗಿ ಹೇಗೆ ಕಲಸುತ್ತೇವೆಂಬುದು ನಮಗೇ ಗೊತ್ತಿರಲಿಲ್ಲವೆಂಬುದು ಕನ್ನಡಿಯ ಮುಂದೆ ಕುಳಿತಾಗ ತಿಳಿಯಿತು. ಒಂದು ಸಲಕ್ಕೆ ಹೆಬ್ಬೆರಳು ಎಷ್ಟು ಬಾರಿ ಎಳೆಯುತ್ತದೆ? ನಡುವೆ ತಡೆಯುತ್ತದೆಯೇ? ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡುವುದು ಯಾವಾಗ? ಸದ್ದು ಹೇಗಿರುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಆಗ ಕಣ್ಣು ಎಲ್ಲಿರುತ್ತದೆ? ನಿಜವಾಗಿ ಕಲಸುವವನು ಎದುರಿಗಿದ್ದವರ ಮುಖ ನೋಡುತ್ತಾನೆ, ಅಡಿಗೆಮನೆಯತ್ತ ತಿರುಗಿ ಚಹಾ ಎಲ್ಲಿಗೆ ಬಂತೆಂದು ಕೇಳುತ್ತಾನೆ. ಕಲಸುವುದು ಅವನಿಗೆ ಎರಡು ಆಟಗಳ ನಡುವಿನ ಬಿಡುವು. ಸುಳ್ಳು ಕಲಸುವವನಿಗೆ ಅದೇ ಆಟ. ಆದುದರಿಂದಲೇ ಅವನ ಮುಖ ಬಿಗಿಯುತ್ತದೆ. ನಮ್ಮ ವಿದ್ಯಾರ್ಥಿನಿ ಕಂಡುಹಿಡಿದುದು ಈ ಬಿಗಿತವನ್ನು. ಎಲೆ ಸರಿದುದನ್ನು ಅವಳು ನೋಡಿರಲಿಲ್ಲ.

ಯಕ್ಷಗಾನದ ಹಾಸ್ಯಗಾರ ರಂಗದಲ್ಲಿ ಮುಗ್ಗರಿಸಿದಂತೆ ಮಾಡಬೇಕಾದರೆ ಅವನ ಹೆಜ್ಜೆ ಉಳಿದವರಿಗಿಂತ ಗಟ್ಟಿಯಾಗಿರಬೇಕು. ಇಲ್ಲಿಯೂ ಹಾಗೆಯೇ. ನಿಜದ ಹೆಜ್ಜೆ ಗೊತ್ತಿಲ್ಲದವನಿಗೆ ಸುಳ್ಳಿನ ಹೆಜ್ಜೆ ಬಾರದು. ಡೈ ವರ್ನನ್ ತನ್ನ ದೀರ್ಘ ಜೀವನದಲ್ಲಿ (1894–1992) ಶಿಷ್ಯರಿಗೆ ಮತ್ತೆಮತ್ತೆ ಹೇಳಿದುದೂ ಸಹಜತೆಯ ಪಾಠವನ್ನೇ.

ಕಣ್ಣು ಬೇಡವೆಂಬುದಕ್ಕೆ ಇನ್ನೂ ದೊಡ್ಡ ಸಾಕ್ಷಿಯಿದೆ. ಅಮೆರಿಕದ ರಿಚರ್ಡ್ ಟರ್ನರ್ ಬಾಲ್ಯದಲ್ಲೇ ದೃಷ್ಟಿ ಕುಂದತೊಡಗಿ ಕ್ರಮೇಣ ಪೂರ್ತಿ ಕುರುಡನಾದವನು. ಎಲೆಗಳ ಕೈಚಳಕದಲ್ಲಿ ಅವನನ್ನು ಮೀರಿಸುವವರು ವಿರಳ. ಅವನ ಬದುಕಿನ ಬಗ್ಗೆ 2017ರಲ್ಲಿ ‘ಡೆಲ್ಟ್’ ಎಂಬ ಸಾಕ್ಷ್ಯಚಿತ್ರ ಬಂದಿದೆ. ದಿನದಲ್ಲಿ ಹಲವು ತಾಸು ಅವನ ಕೈಯಲ್ಲಿ ಎಲೆಯಿರುತ್ತದೆ. ಬೆರಳಿಗೆ ಪಾಠವಾದ ಮೇಲೆ ಕಣ್ಣಿಗೆ ಕೆಲಸವಿಲ್ಲ.

ಎರಡನೆಯ ಪಾಠ: ಅರ್ಧ ನಿಜ, ಅರ್ಧ ಸುಳ್ಳು

ಈಗ ಕ್ರಮಕ್ಕೆ ಬರೋಣ. ಕಟ್ಟಿನ ಮೇಲೆ ನಾಲ್ಕು ಎಕ್ಕಗಳಿವೆ ಎಂದಿಟ್ಟುಕೊಳ್ಳಿ. ಕಟ್ಟು ಎಡಗೈಯಲ್ಲಿ ಅಡ್ಡಲಾಗಿ ಇರಲಿ. ಬಲಗೈಯಿಂದ ಅಡಿಯ ಸುಮಾರು ಅರ್ಧವನ್ನು ಹೊರತೆಗೆದು ಮೇಲಕ್ಕೆ ತನ್ನಿ. ಎಡ ಹೆಬ್ಬೆರಳಿನಿಂದ ಅದರ ಒಂದೇ ಒಂದು ಎಲೆಯನ್ನು ಎಳೆದುಕೊಳ್ಳಿ. ಎಳೆಯುವಾಗ ಬಲಗೈಯನ್ನು ನಿಮ್ಮ ಮೈಯ ಕಡೆಗೆ ತುಸು ಸರಿಸಿದರೆ ಆ ಎಲೆ ಕಟ್ಟಿನಿಂದ ಒಂದೆರಡು ನೂಲಿನಷ್ಟು ಹಿಂದಕ್ಕೆ ಚಾಚಿಕೊಳ್ಳುತ್ತದೆ. ಇದೇ ಬೇಲಿಯ ಗೂಟ. ಬಲಗೈಯನ್ನು ಪುನಃ ಮೊದಲಿನ ಜಾಗಕ್ಕೆ ತಂದು ಉಳಿದ ಎಲೆಗಳನ್ನು ನಿಜವಾಗಿಯೇ ಅದರ ಮೇಲೆ ಕಲಸಿಬಿಡಿ. ಎಲೆಗಳು ಸ್ವಲ್ಪ ಓರೆಕೋರೆಯಾಗಿ ಬಿದ್ದರೆ ಒಳ್ಳೆಯದೇ, ಗೂಟ ಮರೆಯಾಗುತ್ತದೆ.

ಇನ್ನು ಬಲ ಹೆಬ್ಬೆರಳಿಗೆ ಕೆಲಸ. ಚಾಚಿದ ಎಲೆಯನ್ನು ಅದು ಕೆಳಗಿನಿಂದ ಮುಟ್ಟಿ ಗುರುತಿಸಲಿ. ಆ ಎಲೆಯ ಅಡಿಯಲ್ಲಿರುವುದೆಲ್ಲ ಮೊದಲಿನ ಮೇಲರ್ಧ, ಅಂದರೆ ಎಕ್ಕಗಳಿರುವ ಭಾಗ. ಅದಷ್ಟನ್ನೂ ಬಲಗೈಯಿಂದ ಹೊರತೆಗೆದು ಒಂದೇ ಗಂಟಾಗಿ ಮೇಲಕ್ಕೆ ಹಾಕಿ. ಎಕ್ಕಗಳು ಇದ್ದಲ್ಲಿಗೇ ಬಂದವು. ಅರ್ಧ ಕಟ್ಟು ನಿಜವಾಗಿ ಕಲಸಿಹೋಗಿದೆ; ಇನ್ನರ್ಧದ ಒಂದೆಲೆಯೂ ಕದಲಿಲ್ಲ. ನೋಡುವವರ ಕಣ್ಣಿಗೆ ನಿಜದ ಅರ್ಧವೇ ಇಡೀ ಕಟ್ಟಿಗೆ ಜಾಮೀನು ನಿಲ್ಲುತ್ತದೆ. ಮನುಷ್ಯರು ಹೇಳುವ ಸುಳ್ಳುಗಳಲ್ಲೂ ಹೆಚ್ಚು ಕಾಲ ಬಾಳುವುದು ಈ ಜಾತಿಯದ್ದೇ.

ಇಡೀ ಕಟ್ಟಿನ ಕ್ರಮವನ್ನು ಉಳಿಸಬೇಕಾದರೆ 19ನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಚಾರ್ಲಿಯರ್ ಎಂಬವನ ಹೆಸರಿನಲ್ಲಿ ನಡೆಯುವ ಸುಲಭ ಕ್ರಮವಿದೆ. ಎಡಗೈಯ ಕಟ್ಟಿನ ಮೇಲಿನಿಂದ ಕೆಲವು ಎಲೆಗಳನ್ನು ಬಲಗೈಗೆ ತಳ್ಳಿ. ಅನಂತರ ಎಡಗೈಯ ಅಡಿಯಿಂದ ಕೆಲವನ್ನು ತೆಗೆದು ಬಲಗೈಯ ಎಲೆಗಳ ಮೇಲಿಡಿ. ಪುನಃ ಎಡಗೈಯ ಮೇಲಿನಿಂದ ತೆಗೆದು ಬಲಗೈಯ ಎಲೆಗಳ ಅಡಿಗೆ ಸೇರಿಸಿ. ಅಡಿಯದು ಮೇಲಕ್ಕೆ, ಮೇಲಿನದು ಅಡಿಗೆ. ಮುಗಿಯುವ ತನಕ ಹೀಗೆಯೇ. ನೋಡಲು ಎಲೆಯಾಟ ಅರಿಯದ ಅಜ್ಜಿ ಕಲಸಿದಷ್ಟು ಅಡ್ಡಾದಿಡ್ಡಿ. ಆದರೆ ಎಲೆಗಳು ಮಾಲೆಯ ಮಣಿಗಳಂತೆ ಒಂದರ ಪಕ್ಕ ಒಂದು ಇದ್ದ ಕ್ರಮದಲ್ಲೇ ಇರುತ್ತವೆ. ಮಾಲೆ ತಿರುಗಿದೆ ಅಷ್ಟೆ. ಮೊದಲು ತೀರ ಅಡಿಯಲ್ಲಿದ್ದ ಎಲೆಯ ಮೂಲೆಯನ್ನು ಕಾಣದಷ್ಟು ಬಗ್ಗಿಸಿಟ್ಟಿದ್ದರೆ, ಕೊನೆಯಲ್ಲಿ ಅದು ಪುನಃ ಅಡಿಗೆ ಬರುವಂತೆ ಒಮ್ಮೆ ಕಟ್ ಮಾಡಿದರಾಯಿತು. ಇಡೀ ಕಟ್ಟು ಮೊದಲಿದ್ದಂತೆಯೇ!

ಕೈ ತಪ್ಪುವ ಜಾಗಗಳು

ಬರೆದುದನ್ನು ಓದಲು ಐದು ನಿಮಿಷ ಸಾಕು. ಕೈ ಒಪ್ಪಲು ತಿಂಗಳು ಬೇಕು. ನಾವು ರಾತ್ರಿ ಊಟದ ಮೇಲೆ ಅರ್ಧ ತಾಸು ಕುಳಿತೆವು. ಮೊದಲ ಎಲೆಯನ್ನು ಚಾಚುವಾಗ ಬಲಗೈ ಕುಲುಕುತ್ತಿತ್ತು. ಗೂಟದ ಎಲೆ ಕೆಲವೊಮ್ಮೆ ಅರ್ಧ ಇಂಚು ಹೊರಬಂದು ನಾಯಿಯ ನಾಲಗೆಯಂತೆ ಕಾಣುತ್ತಿತ್ತು. ಕೆಲವೊಮ್ಮೆ ಒಳಗೇ ಅಡಗಿ ಹೆಬ್ಬೆರಳಿಗೆ ಸಿಗುತ್ತಿರಲಿಲ್ಲ. ಗೂಟ ಹುಡುಕುವ ಜಾಗದಲ್ಲಿ ಕೈ ಅರೆಕ್ಷಣ ನಿಲ್ಲುತ್ತಿತ್ತು. ಆ ಅರೆಕ್ಷಣವೇ ಕಳ್ಳನ ಹೆಜ್ಜೆಯ ಗುರುತು. ಮದ್ದು ಒಂದೇ: ನಿಜದ ಕೈಯ ವೇಗವನ್ನು ಇಳಿಸಿ ಸುಳ್ಳಿನ ವೇಗಕ್ಕೆ ಸಮ ಮಾಡುವುದು. ಬೇಗ ಮಾಡಿದರೆ ಯಾರಿಗೂ ತಿಳಿಯದೆಂಬುದು ಶುದ್ಧ ಭ್ರಮೆ. ವೇಗ ಕಂಡಲ್ಲಿ ಜನ ಸಂಶಯಪಡುತ್ತಾರೆ.

ಪರೀಕ್ಷೆಗೆ ಒಂದು ಒಳ್ಳೆಯ ಉಪಾಯವಿದೆ. ಇಸ್ಪೀಟು, ಆಟೀನು, ಕಲಾವರ, ಡೈಮನ್ ಎಂದು ಒಂದೊಂದರಲ್ಲೂ ಎಕ್ಕದಿಂದ ರಾಜನವರೆಗೆ ಕ್ರಮವಾಗಿ ಜೋಡಿಸಿ, ಚಾರ್ಲಿಯರ್ ಕ್ರಮದಲ್ಲಿ ಕಲಸಿ, ಹರಡಿ ನೋಡುವುದು. ತಪ್ಪಿದ್ದರೆ ಎಲೆಗಳೇ ಕೆಂಪು ಶಾಯಿಯಲ್ಲಿ ತಿದ್ದಿಕೊಡುತ್ತವೆ. ಈಗಿನ ಕಾಲದಲ್ಲಿ ಮೊಬೈಲಿನಲ್ಲಿ ಚಿತ್ರ ಹಿಡಿದು ನೋಡುವ ಅನುಕೂಲವೂ ಇದೆ. ಕನ್ನಡಿಯಲ್ಲಿ ನಾವು ನಮಗೆ ಬೇಕಾದುದನ್ನಷ್ಟೆ ನೋಡಿಕೊಳ್ಳುತ್ತೇವೆ. ಮೊಬೈಲಿಗೆ ಆ ದಾಕ್ಷಿಣ್ಯವಿಲ್ಲ. ಕೊನೆಯ ಹಂತ ಮಾತನಾಡುತ್ತ ಕಲಸುವುದು. ಮಗ್ಗಿ ಹೇಳುತ್ತ, ಮನೆಯವರ ಪ್ರಶ್ನೆಗೆ ಉತ್ತರಿಸುತ್ತ ಕೈ ನಡೆಯಬೇಕು. “ನಾಳೆಗೆ ತೆಂಗಿನಕಾಯಿ ಉಂಟಾ?” ಎಂಬ ಪ್ರಶ್ನೆಗೆ ಕೈ ತಡೆಯದೆ ಉತ್ತರ ಕೊಟ್ಟ ರಾತ್ರಿ ನಮಗೆ ಸ್ವಲ್ಪ ಧೈರ್ಯ ಬಂದಿತು.

ಮಾರ್ಚಿನಲ್ಲಿ, ಪರೀಕ್ಷೆಯ ಗಲಾಟೆಗೆ ಮುಂಚೆ, ಅದೇ ಹುಡುಗಿಯ ಮುಂದೆ ಕುಳಿತೆವು. ಅವಳ ಅಜ್ಜನ ಆರೋಗ್ಯ ವಿಚಾರಿಸುತ್ತ ಎಲೆ ಕಲಸಿ ಮೇಜಿನ ಮೇಲಿಟ್ಟೆವು. “ಈ ಸಲ ಸರಿಯಾಗಿ ಕಲಸಿದ್ದೀರಿ” ಎಂದಳು. ಮೇಲಿನಿಂದ ನಾಲ್ಕು ಎಲೆ ಮಗುಚಿದೆವು. ನಾಲ್ಕೂ ಎಕ್ಕ. ಅವಳು ಎಕ್ಕಗಳನ್ನು ನೋಡಲಿಲ್ಲ, ನಮ್ಮ ಮುಖ ನೋಡಿದಳು. “ಹಾಗಾದರೆ ಅಜ್ಜನೂ ಹೀಗೆ ಮಾಡಿರಬಹುದಾ?” ಎಂದು ಕೇಳಿದಳು. ಅಜ್ಜನ ಮೇಲೆ ಸಂಶಯ ಹುಟ್ಟಿಸಿದ ಪಾಪ ನಮಗೆ ಬೇಡವೆಂದು ಬಹಳ ಹೊತ್ತು ಸಮಾಧಾನ ಹೇಳಬೇಕಾಯಿತು.

ಆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಜಾದೂಗಾರನು ವೇದಿಕೆ ಹತ್ತಿದಾಗಲೇ ‘ನಿಮ್ಮನ್ನು ಮರುಳು ಮಾಡುತ್ತೇನೆ’ ಎಂದು ಸಾರುತ್ತಾನೆ. ಆಟ ಮುಗಿದ ಮೇಲೆ ನಮ್ಮ ಜೇಬು ಮೊದಲಿದ್ದಂತೆಯೇ ಇರುತ್ತದೆ. ಠಕ್ಕನು ‘ನಾನು ನಿಮ್ಮಂತೆಯೇ ಅದೃಷ್ಟ ನಂಬಿದವನು’ ಎಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಕೈಯ ಕೆಲಸ ಇಬ್ಬರದೂ ಒಂದೇ. ಕೈಯನ್ನು ನೋಡಿ ಯಾರು ಯಾರೆಂದು ತಿಳಿಯಲಾಗದೆಂಬುದೇ ಈ ವಿದ್ಯೆಯ ಪಾಠ.

ಭಾನುವಾರದ ಅತಿಥಿ

ಹುಡುಗನ ಅಣ್ಣ ಒಂದು ಭಾನುವಾರ ಸಂಜೆ ನಮ್ಮ ಮನೆಯ ಜಗಲಿಗೆ ಬಂದನು. ತಮ್ಮನ ಒತ್ತಾಯಕ್ಕೆ ಬಂದವನೆಂದು ಮುಖದಲ್ಲೇ ಬರೆದಿತ್ತು. ನಾವು ಉಪದೇಶ ಮಾಡಲಿಲ್ಲ. ಚಹಾ ಕೊಟ್ಟು, ಎಲೆ ಕಲಸಿ, ಅವನಿಗೆ ಮೂರು ನಮಗೆ ಮೂರು ಹಂಚಿದೆವು. ನಮ್ಮದು ಮೂರು ರಾಜ. ಎರಡನೆಯ ಸಲ ಅವನು ಬಗ್ಗಿ ಕೈಯನ್ನೇ ನೋಡಿದನು. ಪುನಃ ಮೂರು ರಾಜ. ಮೂರನೆಯ ಸಲ ಕಟ್ಟನ್ನು ತೆಗೆದುಕೊಂಡು ಎಲೆಗಳ ಬೆನ್ನಿನಲ್ಲಿ ಗುರುತುಗಳಿವೆಯೇ ಎಂದು ಪರೀಕ್ಷಿಸಿದನು, ಇರಲಿಲ್ಲ. “ನಾನು ಕಲಸುತ್ತೇನೆ” ಎಂದನು. ಅವನು ಕಲಸಿದ ಮೇಲೆ ನಮಗೆ ಬಂದುದು ಎರಡು, ಏಳು ಮತ್ತು ಒಂದು ಗುಲಾಮ.

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, “ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ ಮಾಷ್ಟ್ರೇ” ಎಂದನು. ಈಗ ನೋಡಿದುದನ್ನು ಹೇಳಿದನೋ ಆ ರಾತ್ರಿಯದನ್ನು ಹೇಳಿದನೋ ನಾವು ಕೇಳಲಿಲ್ಲ.

ಅವನಿಗೆ ಹೇಳಿದ ಕೆಲವು ಮಾತುಗಳನ್ನು ಓದುಗರಿಗೂ ಹೇಳಿಬಿಡುತ್ತೇವೆ. ಮದುವೆಮನೆಯಲ್ಲಿ ಹೊತ್ತು ಕಳೆಯಲು ಆಡುವವರಿಗೆ ಇದರಿಂದ ಭಯವೇನಿಲ್ಲ. ಹಣವಿಟ್ಟು ಆಡುವಲ್ಲಿ ‘ಕಲಸುವುದನ್ನು ನೋಡಿದ್ದೇನೆ’ ಎಂಬುದು ಸಾಕ್ಷಿಯಲ್ಲ. ‘ನಾನೇ ಕಟ್ ಮಾಡಿದ್ದೇನೆ’ ಎಂಬುದೂ ಸಾಕ್ಷಿಯಲ್ಲ. ಕಟ್ ಮಾಡಿದರೆ ಮಾಲೆ ತಿರುಗುತ್ತದೆಯಲ್ಲದೆ ಮಣಿಗಳ ಕ್ರಮ ಬದಲಾಗುವುದಿಲ್ಲ. ಎಲೆಗಳು ನಿಜವಾಗಿ ಬೆರೆಯಬೇಕಾದರೆ ಎಲ್ಲವನ್ನೂ ಚಾಪೆಯ ಮೇಲೆ ಬೋರಲಾಗಿ ಹರಡಿ, ಎರಡೂ ಕೈಗಳಿಂದ ಚೆನ್ನಾಗಿ ತಿರುವಿ, ಒಟ್ಟುಮಾಡಬೇಕು. ಮೈಸೂರಿನ ಅರಸರ ಕಾಲದ ದುಂಡಗಿನ ಗಂಜೀಫಾ ಎಲೆಗಳು ಈಗಲೂ ಸಂಗ್ರಹಗಳಲ್ಲಿವೆ. ಅಂಥ ಎಲೆಗಳನ್ನು ಬಟ್ಟೆಯ ಮೇಲೆ ಹರಡಿ ಬೆರೆಸುವುದೇ ರೂಢಿ. ಇಷ್ಟೆಲ್ಲ ಮಾಡಿದರೂ ಮೋಸಕ್ಕೆ ಬೇರೆ ಹತ್ತು ದಾರಿಗಳಿವೆ. ಪರಿಚಯವಿಲ್ಲದವರ ನಡುವೆ, ಕತ್ತಲ ಮೂಲೆಯಲ್ಲಿ, ಹಣವಿಟ್ಟು ಆಡುವ ಆಟಕ್ಕೆ ಕುಳಿತುಕೊಳ್ಳದಿರುವುದೊಂದೇ ಗಟ್ಟಿ ಉಪಾಯ.

ಅವನು ಎದ್ದುಹೋಗುವಾಗ ಮೆಟ್ಟಲಿನಲ್ಲಿ ನಿಂತು, “ಹಾಗಾದರೆ ನನ್ನ ಅದೃಷ್ಟ ಅಷ್ಟೇನೂ ಕೆಟ್ಟದಲ್ಲ” ಎಂದನು. ಬೇಸಗೆಯ ಜಾತ್ರೆಗೆ ಹೋದನಂತೆ. ತಾಯಿಯನ್ನೂ ಕರೆದುಕೊಂಡು ಹೋಗಿ, ಬೆಳಗಿನವರೆಗೆ ಯಕ್ಷಗಾನ ನೋಡಿ, ಕಡಲೆ ಕಟ್ಟಿಸಿಕೊಂಡು ಬಂದರೆಂದು ತಮ್ಮ ವರದಿ ಮಾಡಿದನು.

ಕಳೆದುಹೋದ ಹಣ ಹಿಂದೆ ಬರಲಿಲ್ಲ. ಆ ಮಳೆಗಾಲ ಅವರ ಮಾಡಿನ ಮೇಲೆ ಟರ್ಪಾಲೇ ಇದ್ದಿತು. ಮಳೆ ಹಿಡಿದು ನಮ್ಮ ಎಲೆಗಳೂ ಒಂದಕ್ಕೊಂದು ಅಂಟಿಕೊಂಡು ಕಲಸಲು ಬಾರದಾದವು. ಆಗ ಅವುಗಳನ್ನು ಕಟ್ಟಿ ಅಟ್ಟದ ಮೇಲಿಟ್ಟೆವು.